ನಾಯಿಗೆ ವಾಂತಿ, ಊಟ ಬೇಡ: ಪ್ಯಾಂಕ್ರಿಯಾಟೈಟಿಸ್ ಹೌದೋ ಅಲ್ಲವೋ ತಿಳಿಯುವುದು ಹೇಗೆ

ನಾಯಿ ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ ಅದಕ್ಕೆ ಹತ್ತಾರು ಕಾರಣಗಳಿರಬಹುದು. ಅವುಗಳಲ್ಲಿ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತದ ವಿಷಯದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಯಾರಿಗೂ ಅದು ನೆನಪೇ ಆಗದೆ 'ಗ್ಯಾಸ್ಟ್ರಿಕ್' ಎಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುವುದು. ಇನ್ನೊಂದು ಅದರ ಉಲ್ಟಾ: ಕ್ಲಿನಿಕ್‌ನಲ್ಲೇ ಮಾಡುವ ಕಿಟ್ ರಕ್ತ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಕೂಡಲೇ ಹುಡುಕಾಟ ನಿಲ್ಲಿಸಿಬಿಡುವುದು, ಕರುಳಿನಲ್ಲಿ ಮಾವಿನ ಓಟೆ ಸಿಕ್ಕಿಕೊಂಡಿದ್ದರೂ. ಎರಡನೆಯದು ಈಚೆಗೆ ಹೆಚ್ಚಾಗುತ್ತಿದೆ, ಯಾಕೆಂದರೆ ಕಿಟ್ ಈಗ ಸುಲಭವಾಗಿ ಸಿಗುತ್ತದೆ.

ಈ ಕಾಯಿಲೆಗೆ 'ಇದೊಂದು ಬಂದರೆ ಖಚಿತ' ಎನ್ನುವ ಪರೀಕ್ಷೆ ಇಲ್ಲ. ಲಕ್ಷಣ, ಸಿಪಿಎಲ್ ಎಂಬ ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮೂರೂ ಒಂದೇ ಕಡೆ ಬೊಟ್ಟು ಮಾಡಬೇಕು. ಜೊತೆಗೆ, ಇದರ ವೇಷದಲ್ಲೇ ಬರುವ ಬೇರೆ ಕಾಯಿಲೆಗಳು ಇಲ್ಲವೆಂದು ಗೊತ್ತಾಗಬೇಕು. ಹಾಗಾದಾಗ ಮಾತ್ರ ಪ್ಯಾಂಕ್ರಿಯಾಟೈಟಿಸ್ ಎಂದು ಧೈರ್ಯವಾಗಿ ಬರೆಯಬಹುದು.

ಹೊಟ್ಟೆಯೊಳಗೆ ಏನಾಗುತ್ತದೆ

ಈ ಗ್ರಂಥಿಯ ಒಂದು ತೋಳು ಜಠರದ ಹಿಂದೆ, ಇನ್ನೊಂದು ತೋಳು ಬಲಗಡೆ ಸಣ್ಣ ಕರುಳಿನ ಮೊದಲ ಭಾಗಕ್ಕೆ (ಡುವೋಡಿನಮ್‌ಗೆ) ಅಂಟಿಕೊಂಡು ಇರುತ್ತದೆ. ಇನ್ಸುಲಿನ್ ಬಿಡುಗಡೆ ಮಾಡುವುದು ಒಂದು ಕೆಲಸ. ಪ್ರೋಟೀನ್, ಕೊಬ್ಬು, ಪಿಷ್ಟವನ್ನು ಕರಗಿಸುವ ರಸ ತಯಾರಿಸುವುದು ಮತ್ತೊಂದು. ಪ್ರೋಟೀನ್ ಕರಗಿಸುವ ಟ್ರಿಪ್ಸಿನ್ ಗ್ರಂಥಿಯೊಳಗೆ ನಿಷ್ಕ್ರಿಯ ರೂಪದಲ್ಲಿದ್ದು, ಕರುಳಿಗೆ ಇಳಿದ ಮೇಲೆ ಚುರುಕಾಗಬೇಕು. ಏನೋ ಕಾರಣಕ್ಕೆ ಅದು ಗ್ರಂಥಿಯೊಳಗೇ ಚುರುಕಾದರೆ ತಾನಿರುವ ಗ್ರಂಥಿಯನ್ನೇ ಜೀರ್ಣಿಸಲು ಶುರುಮಾಡುತ್ತದೆ. ಸುತ್ತಲಿನ ಕೊಬ್ಬೂ ಉರಿದು ಊದಿಕೊಳ್ಳುತ್ತದೆ.

ಲಕ್ಷಣಗಳೆಲ್ಲ ಈ ಜಾಗದಿಂದ ಅರ್ಥವಾಗುತ್ತವೆ. ಪಕ್ಕದಲ್ಲೇ ಜಠರ ಇರುವುದರಿಂದ ವಾಂತಿ. ದೊಡ್ಡ ಕರುಳು ಹಾದುಹೋಗುವುದರಿಂದ ಲೋಳೆಯೋ ರಕ್ತವೋ ಬೆರೆತ ಭೇದಿ. ಪಿತ್ತನಾಳ ಅಲ್ಲೇ ಕರುಳಿಗೆ ಸೇರುವುದರಿಂದ ಕೆಲವು ನಾಯಿಗಳಿಗೆ ನಾಲ್ಕೈದು ದಿನ ಕಳೆದ ಮೇಲೆ ಕಾಮಾಲೆ.

ಯಾವ ನಾಯಿ ಎಂದರೆ ಅನುಮಾನ ಜಾಸ್ತಿ

ಮಿನಿಯೇಚರ್ ಷ್ನೌಜರ್ ಈ ಕಾಯಿಲೆಗೆ ಹೆಸರುವಾಸಿ. ಆ ತಳಿಯಲ್ಲಿ ರಕ್ತದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಂಶದ ಕಾರಣದಿಂದ ಹೆಚ್ಚಾಗಿರುವುದು ಸಾಮಾನ್ಯ. ಕಾಕರ್ ಸ್ಪ್ಯಾನಿಯೆಲ್, ಯಾರ್ಕ್‌ಷೈರ್ ಟೆರಿಯರ್, ಡ್ಯಾಷ್‌ಹಂಡ್, ಪೂಡಲ್‌ಗಳಲ್ಲೂ ಕಾಣುತ್ತದೆ. ಆದರೆ ನಮ್ಮಲ್ಲಿ ಜನ ಸಾಕುವುದು ಹೆಚ್ಚಾಗಿ ಲ್ಯಾಬ್ರಡಾರ್, ಪಮೇರಿಯನ್, ಬೀಗಲ್, ಪಗ್, ಇಲ್ಲವೇ ನಾಟಿ ನಾಯಿ. ತಳಿಯ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಯಾವ ನಾಯಿಯನ್ನೂ ಬಿಡಬೇಡಿ. ನಡುವಯಸ್ಸು ದಾಟಿದ, ಮೈತೂಕ ಹೆಚ್ಚಿರುವ, ಮನೆಯವರ ಜೊತೆ ಎಲ್ಲವನ್ನೂ ತಿನ್ನುವ ನಾಯಿ ಎಂದರೆ ಸಾಕು.

ತಿಂದದ್ದರ ಬಗ್ಗೆ ಕೇಳುವಾಗ ಬಿಡಿಸಿ ಕೇಳಬೇಕು. ಹೊಸತೊಡಕಿನ ಮರುದಿನ, ಬಕ್ರೀದ್ ಆದಮೇಲೆ, ಮನೆಯಲ್ಲಿ ಮದುವೆ ಊಟ ಉಳಿದಾಗ ನಾಯಿಯ ತಟ್ಟೆಗೆ ಬೀಳುವುದು ಮಾಂಸಕ್ಕಿಂತ ಹೆಚ್ಚಾಗಿ ಚರ್ಬಿ, ಚರ್ಮ, ಸಾರಿನ ಮೇಲಿನ ಎಣ್ಣೆ. ಸಸ್ಯಾಹಾರಿ ಮನೆಯಲ್ಲಾದರೆ ತುಪ್ಪ ಹಾಕಿದ ಹೋಳಿಗೆ, ಹಾಲಿನ ಕೆನೆ, ಮೈಸೂರು ಪಾಕು. ಇನ್ನೊಂದು ದಿನನಿತ್ಯದ ಮೂಲವಿದೆ: ಕೋಳಿ ಅಂಗಡಿಯಿಂದ ಅಗ್ಗಕ್ಕೆ ತಂದು ಬೇಯಿಸಿ ಹಾಕುವ ಚಿಕನ್ ವೇಸ್ಟ್. 'ನಾವು ಬರೀ ಚಿಕನ್ ಅನ್ನ ಕೊಡೋದು' ಎನ್ನುವ ಮನೆಯಲ್ಲೂ ಆ ಚಿಕನ್ ಎಂದರೆ ಚರ್ಮ ಮತ್ತು ಕೊಬ್ಬೇ ಆಗಿರಬಹುದು. ಕಸದ ತೊಟ್ಟಿ ಕೆದಕಿ ತಿಂದಿದ್ದರೆ ಅದೂ ಮುಖ್ಯ.

ಔಷಧಿಗಳಲ್ಲಿ ಮೂರ್ಛೆರೋಗಕ್ಕೆ ಕೊಡುವ ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಫಿನೊಬಾರ್ಬಿಟಾಲ್, ಕ್ಯಾನ್ಸರ್‌ಗೆ ಕೊಡುವ ಎಲ್-ಆಸ್ಪರಾಜಿನೇಸ್, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸಲು ಕೊಡುವ ಅಜಥಯೋಪ್ರಿನ್ ಇವುಗಳ ಮೇಲೆ ಅನುಮಾನವಿದೆ. ಥೈರಾಯ್ಡ್ ಕೊರತೆ, ಕುಷಿಂಗ್ಸ್ (ಮೈಯಲ್ಲಿ ಸ್ಟೀರಾಯ್ಡ್ ಹಾರ್ಮೋನ್ ಅತಿಯಾಗುವ ಕಾಯಿಲೆ), ಸಕ್ಕರೆ ಕಾಯಿಲೆ ಇರುವ ನಾಯಿಗಳಿಗೂ ಅಪಾಯ ಹೆಚ್ಚು. ಇಷ್ಟೆಲ್ಲ ಹುಡುಕಿದರೂ ಬಹಳಷ್ಟು ನಾಯಿಗಳಲ್ಲಿ ಕಾರಣ ಸಿಗುವುದೇ ಇಲ್ಲ. ಕಾರಣ ಸಿಗಲಿಲ್ಲ ಎಂಬುದು ಕಾಯಿಲೆ ಇಲ್ಲ ಎನ್ನುವುದಕ್ಕೆ ಆಧಾರವಾಗುವುದಿಲ್ಲ.

ಮನೆಯಲ್ಲಿ ಏನು ನೋಡಬೇಕು

ಒಂದು ಸಲ ವಾಂತಿ ಮಾಡಿ, ಬಾಲ ಅಲ್ಲಾಡಿಸುತ್ತಾ ಮುಂದಿನ ಊಟಕ್ಕೆ ಬಂದ ನಾಯಿಯನ್ನು ಗಮನಿಸುತ್ತಿದ್ದರೆ ಸಾಕು. 24 ಗಂಟೆಯೊಳಗೆ ಎರಡು ಮೂರು ಸಲ ವಾಂತಿಯಾಗಿ, ಇಷ್ಟದ ತಿಂಡಿಗೂ ಮೂತಿ ತಿರುಗಿಸಿದರೆ ಅದೇ ದಿನ ತೋರಿಸಬೇಕು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಎಂದರೆ ಸಂಜೆಯವರೆಗೂ ಕಾಯಬೇಡಿ.

ವಾಕರಿಕೆಯ ಸೂಚನೆ ವಾಂತಿಗೆ ಮುಂಚೆಯೇ ಸಿಗುತ್ತದೆ: ಪದೇಪದೇ ತುಟಿ ನೆಕ್ಕುವುದು, ಗುಟುಕು ನುಂಗುವುದು, ಜೊಲ್ಲು, ಸಿಕ್ಕಿದ ಹುಲ್ಲನ್ನು ಗಾಬರಿಯಿಂದ ಮೇಯುವುದು, ಬಟ್ಟಲಿನ ಹತ್ತಿರ ಬಂದು ಮೂಸಿ ಹಿಂದೆ ಸರಿಯುವುದು. ವಾಂತಿ ಮಾಡುವಾಗ ಹೊಟ್ಟೆ ಹಿಂಡಿ ಹಿಂಡಿ ಹೊರಹಾಕುತ್ತದೆಯೋ, ಅಥವಾ ಏನೂ ಶ್ರಮವಿಲ್ಲದೆ ತಿಂದದ್ದು ಹಾಗೇ ಬಾಯಿಗೆ ಬರುತ್ತದೆಯೋ ನೋಡಿ. ಎರಡನೆಯದಾದರೆ ತೊಂದರೆ ಅನ್ನನಾಳದ್ದು, ಹುಡುಕಾಟದ ದಾರಿಯೇ ಬೇರೆ.

ಹೊಟ್ಟೆನೋವನ್ನು ಗುರುತಿಸುವುದು ಕಷ್ಟ. ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗ ಎತ್ತಿ ನಿಲ್ಲುವ ಭಂಗಿ ಎಲ್ಲರಿಗೂ ಗೊತ್ತು. ಆಟಕ್ಕೆ ಕರೆಯುವಾಗಲೂ, ನಿದ್ದೆಯಿಂದ ಎದ್ದು ಮೈಮುರಿಯುವಾಗಲೂ ನಾಯಿ ಹೀಗೇ ಮಾಡುತ್ತದೆ, ಆದರೆ ಅದು ಒಂದೆರಡು ಕ್ಷಣ ಮಾತ್ರ. ನೋವಿನ ನಾಯಿ ಅದೇ ಭಂಗಿಯಲ್ಲಿ ನಿಂತೇ ಇರುತ್ತದೆ, ಮಲಗಲು ಹೋಗಿ ಎದ್ದು ಮತ್ತೆ ಅದಕ್ಕೇ ಮರಳುತ್ತದೆ, ಕಣ್ಣಿನಲ್ಲಿ ಆಟದ ಹುರುಪು ಇರುವುದಿಲ್ಲ. ಆದರೆ ಈ ಭಂಗಿಯನ್ನೇ ಕಾಯುತ್ತಾ ಕೂರಬೇಡಿ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಿಂದ ಸತ್ತ 70 ನಾಯಿಗಳ ದಾಖಲೆ ನೋಡಿದ 1998ರ ಒಂದು ಅಧ್ಯಯನದಲ್ಲಿ ವಾಂತಿ ಇದ್ದದ್ದು ಸುಮಾರು ಶೇ. 90ರಲ್ಲಿ, ಹೊಟ್ಟೆನೋವು ಗುರುತಿಸಿದ್ದು ಶೇ. 58ರಲ್ಲಿ ಮಾತ್ರ. ಅಷ್ಟು ಜೋರಾದ ಕಾಯಿಲೆಯಲ್ಲೂ ನೋವು ಕಣ್ಣಿಗೆ ಬೀಳದೆ ಹೋಗಬಹುದು. ನಡು ಬಾಗಿಸಿ ನಡೆಯುವುದು, ತಣ್ಣಗಿನ ನೆಲ ಹುಡುಕಿ ಮಲಗುವುದು, ಎತ್ತಿಕೊಂಡರೆ ಗೊಣಗುವುದು, ಮೆಟ್ಟಿಲು ಹತ್ತದಿರುವುದು ಇವೂ ನೋವೇ.

ಇಲ್ಲಿ ಡ್ಯಾಷ್‌ಹಂಡ್ ಸಾಕಿದವರಿಗೊಂದು ಎಚ್ಚರಿಕೆ. ಬೆನ್ನುಮೂಳೆಯ ಡಿಸ್ಕ್ ಜಾರಿದ ನಾಯಿಯೂ ಹೀಗೇ ನಡು ಬಾಗಿಸುತ್ತದೆ, ಹೊಟ್ಟೆ ಮುಟ್ಟಿದರೆ ಬಿಗಿ ಹಿಡಿಯುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ವಾಂತಿ ಇರುವುದಿಲ್ಲ.

ಮನೆಯಲ್ಲೇ ಅಳೆದು ಬರೆದುಕೊಳ್ಳಬಹುದಾದ ನಾಲ್ಕು ಸಂಗತಿಗಳಿವೆ. ಮೇಲ್ದುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ: ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಅದೇ ಬೆರಳಿಗೆ ಒಸಡು ಅಂಟಂಟಾಗಿ, ಒಣಗಿದಂತೆ ಸಿಕ್ಕರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಮಲಗಿರುವಾಗ 30 ಸೆಕೆಂಡು ಉಸಿರು ಎಣಿಸಿ ಎರಡರಿಂದ ಗುಣಿಸಿ: ನಿಮಿಷಕ್ಕೆ 30ರೊಳಗಿದ್ದರೆ ಸರಿ, ತಂಪಾದ ಕೋಣೆಯಲ್ಲೂ 40 ದಾಟುತ್ತಿದ್ದರೆ ಹೊರಡಿ. ಜ್ವರವನ್ನು ಮೂಗು ಮುಟ್ಟಿ ನೋಡುವುದರಲ್ಲಿ ಅರ್ಥವಿಲ್ಲ. ಡಿಜಿಟಲ್ ಥರ್ಮಾಮೀಟರ್ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಸುಮಾರು ಒಂದು ಅಂಗುಲ ತೂರಿಸಿ. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಾಲ್ಕನೆಯದು ಮೂತ್ರ: ಕೊನೆಯ ಸಲ ಯಾವಾಗ ಹೋಯಿತು, ಬಣ್ಣ ಯಾವುದು. ಅರಿಶಿನದ ಹಾಗಿದ್ದರೆ ಕಣ್ಣಿನ ಬಿಳಿ ಭಾಗವನ್ನೂ ನೋಡಿ.

ಹೊಟ್ಟೆಯನ್ನು ನೀವು ಗಟ್ಟಿಯಾಗಿ ಅದುಮಬೇಡಿ. ನಾಯಿ ನಿಂತಿರುವಾಗ ಕೊನೆಯ ಪಕ್ಕೆಲುಬಿನ ಹಿಂದೆ, ಬಲಗಡೆ, ಅಂಗೈ ಇಟ್ಟು ನಿಧಾನಕ್ಕೆ ಒಳಕ್ಕೆ ಒತ್ತಿದರೆ ಸಾಕು. ಉಸಿರು ಹಿಡಿಯುತ್ತದೆಯೇ, ತಲೆ ತಿರುಗಿಸಿ ಕೈಯನ್ನೇ ನೋಡುತ್ತದೆಯೇ, ಹೊಟ್ಟೆ ಹಲಗೆಯಂತೆ ಬಿಗಿಯಾಗುತ್ತದೆಯೇ? ಆಮೇಲೆ ಹೊಟ್ಟೆಯ ಹಿಂಭಾಗದಲ್ಲಿ ಅಷ್ಟೇ ಒತ್ತಿ ಹೋಲಿಸಿ. ಕಚ್ಚುವ ಸ್ವಭಾವದ ನಾಯಿಯಾದರೆ ಇದನ್ನು ವೈದ್ಯರಿಗೇ ಬಿಡಿ. ನೋವಿನಲ್ಲಿ ಸಾಧು ನಾಯಿಯೂ ಕಚ್ಚುತ್ತದೆ.

ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೊಡಬೇಡಿ. ನೀರು ಕಡಿಮೆಯಾದ ಮೈಗೆ ಇವು ಕಿಡ್ನಿ, ಜಠರ, ಲಿವರ್ ಕೆಡಿಸುತ್ತವೆ. ಹರಳೆಣ್ಣೆ, ತುಪ್ಪ, ಉಪ್ಪುನೀರು ಕುಡಿಸುವುದೂ ಬೇಡ. ವಾಂತಿ ಮಾಡುತ್ತಿರುವ ನಾಯಿಗೆ ಸಿರಿಂಜಿನಲ್ಲಿ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ವೈದ್ಯರ ಮುಂದೆ ಏನು ಹೇಳಬೇಕು

'ಎರಡು ದಿನದಿಂದ ಊಟ ಮಾಡ್ತಿಲ್ಲ ಡಾಕ್ಟ್ರೇ' ಎಂಬುದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಹಿಂದಿನ ಮೂರು ದಿನ ಯಾರು ಯಾರು ಏನು ಕೊಟ್ಟರು ಎಂದು ಮನೆಯವರನ್ನೆಲ್ಲ ಕೇಳಿ ಬರೆದುಕೊಂಡು ಹೋಗಿ. ಅಜ್ಜಿ ಗುಟ್ಟಾಗಿ ಹಾಕಿದ ಬೆಣ್ಣೆ ಬಿಸ್ಕತ್ತು, ಮಕ್ಕಳು ಕೊಟ್ಟ ಚಿಪ್ಸ್ ಎಲ್ಲ ಬರಲಿ. ಮೊದಲ ವಾಂತಿಯ ಸಮಯ, ಎಷ್ಟು ಸಲ, ವಾಂತಿಯ ಫೋಟೋ, ನಾಯಿ ನಿಲ್ಲುವ ಭಂಗಿಯ ವಿಡಿಯೋ ಫೋನಿನಲ್ಲಿರಲಿ. ಈಗ ನಡೆಯುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಯ್ಯಿರಿ. ಹೆಣ್ಣು ನಾಯಿಗೆ ಆಪರೇಷನ್ ಆಗಿಲ್ಲವಾದರೆ ಕೊನೆಯ ಸಲ ಬೆದೆಗೆ ಬಂದದ್ದು ಯಾವಾಗ, ಲಸಿಕೆ ಯಾವಾಗ ಹಾಕಿಸಿದ್ದು, ಮೈಮೇಲೆ ಉಣ್ಣೆ ಇತ್ತೇ, ಆಟದ ಸಾಮಾನು, ಕಾಲುಚೀಲ, ಜೋಳದ ದಿಂಡು ಏನಾದರೂ ಕಾಣೆಯಾಗಿದೆಯೇ, ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ, ತೋಟಕ್ಕೆ ಕೀಟನಾಶಕ ಹೊಡೆದಿದ್ದೀರಾ: ಈ ಉತ್ತರಗಳು ಅರ್ಧ ಪರೀಕ್ಷೆಯ ಖರ್ಚು ಉಳಿಸುತ್ತವೆ.

ಮೊದಲ ರಕ್ತ, ಡ್ರಿಪ್‌ಗೆ ಮುಂಚೆ

ಸಣ್ಣ ಕ್ಲಿನಿಕ್‌ಗಳಲ್ಲಿ ನಾಯಿ ಸುಸ್ತಾಗಿದೆ ಎಂದು ಮೊದಲು ಡ್ರಿಪ್ ಹಾಕಿ, ಆಮೇಲೆ ರಕ್ತ ತೆಗೆಯುವ ರೂಢಿಯಿದೆ. ಸಾಧ್ಯವಾದರೆ ಕ್ಯಾನುಲಾ ಹಾಕುವಾಗಲೇ ಮಾದರಿ ತೆಗೆದುಕೊಳ್ಳಬೇಕು. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಒಟ್ಟು ಪ್ರೋಟೀನ್, ಸಕ್ಕರೆ, ಕ್ರಿಯಾಟಿನಿನ್ (ಕಿಡ್ನಿಯ ಅಂಕಿ), ಸೋಡಿಯಂ, ಪೊಟ್ಯಾಸಿಯಂ, ಮೂತ್ರದ ಸಾಂದ್ರತೆ ಇವೆಲ್ಲ ಒಂದು ಬಾಟಲ್ ಹೋದ ಮೇಲೆ ಬದಲಾಗುತ್ತವೆ. ಕ್ರಿಯಾಟಿನಿನ್ ಏರಿದ್ದು ನೀರಿನ ಕೊರತೆಯಿಂದಲೋ ಕಿಡ್ನಿ ಕೆಟ್ಟದ್ದರಿಂದಲೋ ಎಂದು ಡ್ರಿಪ್ ಆದ ಮೇಲೆ ಹೇಳುವುದು ಕಷ್ಟ.

ಸಂಪೂರ್ಣ ರಕ್ತ ಎಣಿಕೆ ಮತ್ತು ಬಯೋಕೆಮಿಸ್ಟ್ರಿ ಈ ಕಾಯಿಲೆಯನ್ನು ಖಚಿತಪಡಿಸುವುದಿಲ್ಲ. ಬೇರೆ ಕಾಯಿಲೆ ಹಿಡಿಯಲು, ತೀವ್ರತೆ ಅಳೆಯಲು ಅವು ಬೇಕು. ಬಿಳಿ ರಕ್ತಕಣ ಏರಿರುವುದು, ಲಿವರ್ ಅಂಕಿಗಳಾದ ಎಎಲ್‌ಪಿ, ಎಎಲ್‌ಟಿ ಏರಿರುವುದು, ಕಾಮಾಲೆಯ ಅಂಕಿಯಾದ ಬಿಲಿರುಬಿನ್ ತುಸು ಹೆಚ್ಚಿರುವುದು ಸಾಮಾನ್ಯ, ಕ್ಯಾಲ್ಸಿಯಂ ಇಳಿದಿರಲೂಬಹುದು. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಕೊಬ್ಬು ಹೆಚ್ಚಾಗಿ ಹಾಲಿನಂತೆ ಬೆಳ್ಳಗಿದ್ದರೆ ಅದನ್ನು ರಿಪೋರ್ಟಿನಲ್ಲಿ ಬರೆಯಲು ಹೇಳಿ. ಅದೇ ಒಂದು ಸುಳಿವು, ಮತ್ತು ಅದೇ ಬೇರೆ ಅಂಕಿಗಳನ್ನು ಹಾದಿ ತಪ್ಪಿಸುತ್ತದೆ.

ಲಿವರ್ ಅಂಕಿಗಳು ಏರಿವೆ ಎಂದು ನಾಯಿಯನ್ನು ಲಿವರ್ ಟಾನಿಕ್‌ನಲ್ಲಿ ವಾರಗಟ್ಟಲೆ ಇಡುವುದನ್ನು ಕಾಣುತ್ತೇವೆ. ವಾಂತಿ ಇರುವ ನಾಯಿಯಲ್ಲಿ ಲಿವರ್ ಅಂಕಿ ಏರಿದಾಗ ಪಕ್ಕದ ಮನೆಯಾದ ಮೇದೋಜೀರಕವನ್ನೂ ವಿಚಾರಿಸಬೇಕು.

ಅಮೈಲೇಸ್, ಲೈಪೇಸ್ ನಂಬಿ ಕೆಡಬೇಡಿ

ಅಮೈಲೇಸ್ ಪಿಷ್ಟವನ್ನು, ಲೈಪೇಸ್ ಕೊಬ್ಬನ್ನು ಕರಗಿಸುತ್ತದೆ. ಮನುಷ್ಯರಲ್ಲಿ ಈ ಎರಡು ಅಂಕಿಗಳಿಗೆ ಬೆಲೆಯಿದೆ. ನಾಯಿಯಲ್ಲಿ ಹಳೆಯ ವಿಧಾನದ ಅಮೈಲೇಸ್, ಲೈಪೇಸ್‌ಗಳು ಜಠರ, ಕರುಳುಗಳಿಂದಲೂ ಬರುತ್ತವೆ. ಕಿಡ್ನಿ ಸೋತರೂ ಏರುತ್ತವೆ. ಸ್ಟೀರಾಯ್ಡ್ ಕೊಟ್ಟರೆ ಲೈಪೇಸ್ ಏರುತ್ತದೆ. ಅತ್ತ ಖಚಿತವಾಗಿ ಪ್ಯಾಂಕ್ರಿಯಾಟೈಟಿಸ್ ಇರುವ ನಾಯಿಯಲ್ಲೂ ಸಹಜವಾಗಿರಬಹುದು.

ಊರಿನ ಮನುಷ್ಯರ ಲ್ಯಾಬಿಗೆ ಮಾದರಿ ಕೊಟ್ಟಾಗ ಇದು ಇನ್ನೂ ಹದಗೆಡುತ್ತದೆ. ಮನುಷ್ಯರ ಅಮೈಲೇಸ್ ಸಹಜ ಮಿತಿ ಲೀಟರಿಗೆ ಸುಮಾರು 100 ಯೂನಿಟ್. ಆರೋಗ್ಯವಂತ ನಾಯಿಯಲ್ಲಿ 500, 1000 ಇರುವುದೂ ಸಹಜ. ಲ್ಯಾಬಿನ ಕಂಪ್ಯೂಟರ್ ಮನುಷ್ಯರ ಮಿತಿಯ ಪಕ್ಕದಲ್ಲಿಟ್ಟು ದಪ್ಪಕ್ಷರದಲ್ಲಿ 'ಹೈ' ಎಂದು ಮುದ್ರಿಸುತ್ತದೆ, ಮಾಲೀಕರು ಗಾಬರಿಯಾಗುತ್ತಾರೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದ್ದು ಅದರಲ್ಲಿರುವ ಮಿತಿಗಳು ನಾಯಿಯವೋ ಎಂದು.

ಡಿಜಿಜಿಆರ್ ಎಂಬ ಹೊಸ ವಿಧಾನದಲ್ಲಿ ಅಳೆದ ಲೈಪೇಸ್ ಬೇರೆ ಸಂಗತಿ. ಅದು ಹಳೆಯದಕ್ಕಿಂತ ನಂಬಿಕೆಗೆ ಅರ್ಹ. ಯಾವ ವಿಧಾನ ಎಂದು ಲ್ಯಾಬಿನವರನ್ನು ಕೇಳಿ ತಿಳಿಯಿರಿ.

ಸಿಪಿಎಲ್: ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸಿಪಿಎಲ್ ಪರೀಕ್ಷೆ ಅಳೆಯುವುದು ನಾಯಿಯ ಮೇದೋಜೀರಕದಿಂದ ಮಾತ್ರ ಬರುವ ಲೈಪೇಸನ್ನು. ಇದು ಎರಡು ರೂಪದಲ್ಲಿ ಸಿಗುತ್ತದೆ. ಸ್ನ್ಯಾಪ್ ಎಂಬ ಕಿಟ್ ಕ್ಲಿನಿಕ್‌ನಲ್ಲೇ ಸುಮಾರು 10 ನಿಮಿಷದಲ್ಲಿ ಬಣ್ಣದ ಚುಕ್ಕೆಯ ಮೂಲಕ ಉತ್ತರ ಕೊಡುತ್ತದೆ. ಮಾದರಿಯ ಚುಕ್ಕೆ ಹೋಲಿಕೆಯ ಚುಕ್ಕೆಗಿಂತ ತಿಳಿಯಾಗಿದ್ದರೆ ನೆಗೆಟಿವ್. ಅಷ್ಟೇ ಗಾಢವೋ ಇನ್ನೂ ಗಾಢವೋ ಆಗಿದ್ದರೆ ಪಾಸಿಟಿವ್. ಇನ್ನೊಂದು ರೂಪ ಅಂಕಿ ಕೊಡುವಂಥದ್ದು, ಲ್ಯಾಬಿನಲ್ಲೋ ಕ್ಲಿನಿಕ್‌ನ ಸಣ್ಣ ಯಂತ್ರದಲ್ಲೋ ಮಾಡುತ್ತಾರೆ.

ಅಂಕಿಯ ಅರ್ಥ ಹೀಗೆ: ಲೀಟರಿಗೆ 200 ಮೈಕ್ರೋಗ್ರಾಂವರೆಗೆ ಸಹಜ. 400 ಅಥವಾ ಹೆಚ್ಚಾದರೆ ಪ್ಯಾಂಕ್ರಿಯಾಟೈಟಿಸ್‌ಗೆ ಹೊಂದುತ್ತದೆ. ನಡುವಿನದು ಸಂದೇಹದ ವಲಯ: ನಾಯಿ ಸುಧಾರಿಸುತ್ತಿದ್ದರೆ ಒಂದೆರಡು ವಾರ ಬಿಟ್ಟು, ಕಾಯಿಲೆ ಮುಂದುವರಿದಿದ್ದರೆ ಬೇಗನೇ ಮತ್ತೆ ಮಾಡಬೇಕು. ಸ್ನ್ಯಾಪ್ ಪಾಸಿಟಿವ್ ಆಗುವುದು 200ರ ಆಸುಪಾಸಿನಲ್ಲೇ. ಅಂದರೆ ಪಾಸಿಟಿವ್ ಬಂದ ನಾಯಿ ಸಂದೇಹದ ವಲಯದಲ್ಲೇ ಇರಬಹುದು. ಆ ಚುಕ್ಕೆಯಿಂದ ಅದು ತಿಳಿಯುವುದಿಲ್ಲ, ಅಂಕಿಯ ಪರೀಕ್ಷೆ ಬೇಕು.

ಈ ಕಿಟ್‌ನ ನಿಜವಾದ ಉಪಯೋಗ ನೆಗೆಟಿವ್ ಬಂದಾಗ. ಜೋರು ವಾಂತಿಯಿರುವ ನಾಯಿಯಲ್ಲಿ ಸ್ನ್ಯಾಪ್ ನೆಗೆಟಿವ್ ಎಂದರೆ ತೀವ್ರ ಪ್ಯಾಂಕ್ರಿಯಾಟೈಟಿಸ್ ಇರುವ ಸಾಧ್ಯತೆ ಕಡಿಮೆ, ಬೇರೆ ಕಡೆ ಹುಡುಕಿ ಎಂದರ್ಥ. ಪಾಸಿಟಿವ್ ಎಂದರೆ 'ಗ್ರಂಥಿಗೆ ಏನೋ ತಾಗಿದೆ' ಎಂದಷ್ಟೇ. ಡುವೋಡಿನಮ್‌ನಲ್ಲಿ ಏನಾದರೂ ಸಿಕ್ಕಿಕೊಂಡರೆ, ಹೊಟ್ಟೆಯೊಳಗೆ ಕೀವಾದರೆ, ಉಣ್ಣೆಯಿಂದ ಹರಡುವ ಬೆಬೇಸಿಯ ಅಥವಾ ಎರ್ಲೀಷಿಯ ಸೋಂಕಿನಲ್ಲಿ, ಹೃದಯ ಸೋತಾಗ, ಪಾರ್ವೊ ವೈರಸ್ ಸೋಂಕಿನಲ್ಲೂ ಗ್ರಂಥಿಗೆ ಬಿಸಿ ತಾಗಿ ಅಂಕಿ ಏರಬಹುದು. ಅಂಥ ನಾಯಿಗೆ ಪ್ಯಾಂಕ್ರಿಯಾಟೈಟಿಸ್ ಎಂದು ಮೂರು ದಿನ ಡ್ರಿಪ್ ಹಾಕುತ್ತಾ ಕೂತರೆ ಮೂಲ ಕಾಯಿಲೆ ಅಷ್ಟರಲ್ಲಿ ಕೈಮೀರುತ್ತದೆ.

ಕಿಟ್ ಮಾಡುವಾಗ ಎಡವುವ ಜಾಗಗಳೂ ಇವೆ. ಫ್ರಿಜ್‌ನಿಂದ ತೆಗೆದ ಕಿಟ್ ಕೋಣೆಯ ಉಷ್ಣಾಂಶಕ್ಕೆ ಬರುವ ಮುಂಚೆ ಬಳಸುವುದು, ರಕ್ತ ಪೂರ್ತಿ ಹೆಪ್ಪುಗಟ್ಟುವ ಮುಂಚೆ ತಿರುಗಿಸಿ ಸೀರಂ ತೆಗೆಯುವುದು, ಸಮಯ ಮೀರಿದ ಮೇಲೆ ಚುಕ್ಕೆ ಓದುವುದು. ರಕ್ತ ಹೆಪ್ಪುಗಟ್ಟಲು 20ರಿಂದ 30 ನಿಮಿಷ ಬಿಡಿ. ದೂರದ ಲ್ಯಾಬಿಗೆ ಕಳಿಸುವುದಾದರೆ ಸೀರಂ ಬೇರ್ಪಡಿಸಿ ಐಸ್ ಪ್ಯಾಕ್ ಜೊತೆ ಕಳಿಸಿ. ಇಡೀ ರಕ್ತವನ್ನೇ ಬಸ್ಸಿಗೆ ಹಾಕಿದರೆ ದಾರಿಯಲ್ಲೇ ಕಣಗಳು ಒಡೆದು ಮಾದರಿ ಕೆಂಪಾಗುತ್ತದೆ.

ಅಂಕಿ 600 ಇದ್ದ ನಾಯಿಗಿಂತ 1800 ಇದ್ದ ನಾಯಿಯ ಕಾಯಿಲೆ ಮೂರು ಪಟ್ಟು ಜೋರು ಎಂದು ಲೆಕ್ಕ ಹಾಕಬೇಡಿ. ತೀವ್ರತೆಯನ್ನು ಅಳೆಯುವ ಕೋಲು ಅದಲ್ಲ.

ಸ್ಕ್ಯಾನಿಂಗ್ ಮತ್ತು ಎಕ್ಸ್-ರೇ

ಸ್ಕ್ಯಾನಿಂಗ್‌ನಲ್ಲಿ ಹುಡುಕುವುದು ಊದಿಕೊಂಡು ಕಪ್ಪಾಗಿ ಕಾಣುವ ಗ್ರಂಥಿ, ಅದರ ಸುತ್ತ ಬೆಳ್ಳಗೆ ಹೊಳೆಯುವ ಉರಿದ ಕೊಬ್ಬು, ಪಕ್ಕದಲ್ಲಿ ಸ್ವಲ್ಪ ದ್ರವ, ದಪ್ಪನಾಗಿ ಸುಕ್ಕುಗಟ್ಟಿದ ಡುವೋಡಿನಮ್. ಈ ನಾಲ್ಕೂ ಒಟ್ಟಿಗೆ ಸಿಕ್ಕರೆ ಪ್ಯಾಂಕ್ರಿಯಾಟೈಟಿಸ್ ಎಂಬ ಅನುಮಾನ ಬಹಳ ಬಲವಾಗುತ್ತದೆ. ಗ್ರಂಥಿ ತೆಳ್ಳಗಿದ್ದು ಕರುಳಿನ ಗಾಳಿಯ ಹಿಂದೆ ಅಡಗುವುದರಿಂದ, ನೋಡುವವರ ಕೈ ಪಳಗಿರಬೇಕು. ಹೊಟ್ಟೆಯ ಕೂದಲು ಬೋಳಿಸಿ ಜೆಲ್ ಹಾಕಿ, ಬಲಗಡೆ ಪಕ್ಕೆಲುಬಿನ ಕೆಳಗಿನಿಂದ ಡುವೋಡಿನಮ್ ಹಿಡಿದು ಅದರ ಪಕ್ಕದಲ್ಲೇ ಸಾಗಬೇಕು. 'ಕೂದಲು ತೆಗೆಯಬೇಡಿ, ಚೆನ್ನಾಗಿ ಕಾಣಲ್ಲ' ಎನ್ನುವ ಮಾಲೀಕರಿಗೆ ಒಂದೇ ಉತ್ತರ: ಕೂದಲಿದ್ದರೆ ಗ್ರಂಥಿಯೂ ಕಾಣುವುದಿಲ್ಲ.

ಮೊದಲ ದಿನದ ಸ್ಕ್ಯಾನ್ ಸಹಜವಾಗಿದ್ದರೂ ಕಾಯಿಲೆ ಇರಬಹುದು. ಬದಲಾವಣೆ ಕಣ್ಣಿಗೆ ಕಾಣಲು ಒಂದೆರಡು ದಿನ ಬೇಕಾಗುತ್ತದೆ. ಲಕ್ಷಣ, ಸಿಪಿಎಲ್ ಎರಡೂ ಬಲವಾಗಿದ್ದರೆ 48 ಗಂಟೆ ಬಿಟ್ಟು ಮತ್ತೆ ನೋಡಬೇಕು. ಅದೇ ಸಮಯದಲ್ಲಿ ಪಿತ್ತನಾಳ ಹಿಗ್ಗಿದೆಯೇ, ಗ್ರಂಥಿಯ ಬಳಿ ದ್ರವದ ಚೀಲ ಕಟ್ಟಿದೆಯೇ, ಗಡ್ಡೆ ಇದೆಯೇ ಎಂಬುದೂ ಗೊತ್ತಾಗುತ್ತದೆ.

ಎಕ್ಸ್-ರೇಯಲ್ಲಿ ಪ್ಯಾಂಕ್ರಿಯಾಟೈಟಿಸ್ ಹೆಚ್ಚಾಗಿ ಕಾಣುವುದಿಲ್ಲ. ಆದರೂ ತೆಗೆಸಿ, ಕರುಳಿನ ತಡೆ ತಪ್ಪಿಸಿಕೊಳ್ಳಬಾರದಲ್ಲ. ಬಲಮಗ್ಗುಲು, ಎಡಮಗ್ಗುಲು, ಅಂಗಾತ ಮೂರೂ ಬೇಕು. ಎಡಮಗ್ಗುಲಲ್ಲಿ ಮಲಗಿಸಿದಾಗ ಜಠರದ ಗಾಳಿ ಕರುಳಿಗೆ ತೆರೆಯುವ ಬಾಗಿಲ ಕಡೆಗೆ ಸರಿದು ಅಲ್ಲಿ ಸಿಕ್ಕಿಕೊಂಡದ್ದನ್ನು ತೋರಿಸುತ್ತದೆ. ಮಾವಿನ ಓಟೆ, ಜೋಳದ ದಿಂಡು, ಬಟ್ಟೆ ಇವು ಮೂಳೆಯ ಹಾಗೆ ಸ್ಪಷ್ಟವಾಗಿ ಕಾಣುವುದಿಲ್ಲ. ತಡೆಯ ಹಿಂದೆ ಉಬ್ಬಿದ ಕರುಳೇ ಸುಳಿವು.

ಇದೇ ವೇಷದ ಬೇರೆಯವು

ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಉಣ್ಣೆ ಜ್ವರ. ಊಟ ಬಿಟ್ಟು, ಜ್ವರ ಬಂದು, ಪ್ಲೇಟ್‌ಲೆಟ್ ಇಳಿದಿದ್ದರೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಶುರು. ಆದರೆ ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಖಾಲಿ ಹೊಟ್ಟೆಗೆ ಕೊಟ್ಟ ಡಾಕ್ಸಿಸೈಕ್ಲಿನ್ ತಾನೇ ವಾಂತಿ ಮಾಡಿಸಿ ಚಿತ್ರವನ್ನು ಇನ್ನಷ್ಟು ಕಲಸುತ್ತದೆ. ಕಿವಿಯ ಅಂಚಿನ ಸಣ್ಣ ರಕ್ತನಾಳದಿಂದ ತೆಗೆದ ಹನಿಯನ್ನು ಗಾಜಿನ ಮೇಲೆ ಸವರಿ ನೋಡುವ ಸ್ಮಿಯರ್, ಸಾಧ್ಯವಿದ್ದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಮಾಡಿಸಿ. ಒಸಡು ಬಿಳಿಚಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬೆಬೇಸಿಯ ಕಡೆ ವಾಲಿರಿ. ಎರಡೂ ಕಾಯಿಲೆ ಒಂದೇ ನಾಯಿಯಲ್ಲಿ ಇರಲೂಬಹುದು.

ಮಳೆಗಾಲದಲ್ಲಿ, ಇಲಿಗಳಿರುವ ಕಡೆ ಅಡ್ಡಾಡುವ ನಾಯಿಗೆ ವಾಂತಿ, ಕಾಮಾಲೆ, ಕ್ರಿಯಾಟಿನಿನ್ ಏರಿಕೆ ಒಟ್ಟಿಗೆ ಬಂದರೆ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಎಂದು ಹಿಡಿದೇ ನಡೆಯಬೇಕು. ಅದು ಮೂತ್ರದ ಮೂಲಕ ಮನುಷ್ಯರಿಗೂ ಹರಡುತ್ತದೆ, ಕೈಗವಸು ಹಾಕಿಕೊಳ್ಳಿ. ಒಂದು ವರ್ಷದೊಳಗಿನ, ಲಸಿಕೆ ಪೂರ್ತಿಯಾಗದ ಮರಿಯಾದರೆ ಮೊದಲು ಮಲದ ಪಾರ್ವೊ ಕಿಟ್. ಬೆದೆ ಮುಗಿದು ಎರಡು ತಿಂಗಳೊಳಗಿನ ಹೆಣ್ಣಾದರೆ ಗರ್ಭಕೋಶದ ಕೀವು ಇದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡಬೇಕು.

ಅಡಿಸನ್ಸ್ ಕಾಯಿಲೆಯನ್ನು (ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಕೊರತೆ) ಮರೆಯುವವರೇ ಹೆಚ್ಚು. ವಾಂತಿ ಬಂದು ಡ್ರಿಪ್ ಹಾಕಿದರೆ ಸರಿಹೋಗಿ, ತಿಂಗಳು ಬಿಟ್ಟು ಮತ್ತೆ ಅದೇ ಎಂದರೆ ಸೋಡಿಯಂ ಅನ್ನು ಪೊಟ್ಯಾಸಿಯಂನಿಂದ ಭಾಗಿಸಿ ನೋಡಿ. 27ಕ್ಕಿಂತ ಕಡಿಮೆಯಾದರೆ ಅನುಮಾನ ಬಲವಾಗುತ್ತದೆ. ಸ್ಟೀರಾಯ್ಡ್ ಪಡೆಯದ ನಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಆ ಗ್ರಂಥಿಯ ಹಾರ್ಮೋನ್ ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಅಡಿಸನ್ಸ್ ಇಲ್ಲವೆಂದೇ ತಿಳಿಯಬಹುದು. ಸಕ್ಕರೆ ಏರಿದ್ದರೆ ಮೂತ್ರದಲ್ಲಿ ಕೀಟೋನ್ ನೋಡಿ, ಸಕ್ಕರೆ ಕಾಯಿಲೆ ಕೈಮೀರಲು ಪ್ಯಾಂಕ್ರಿಯಾಟೈಟಿಸೇ ಕಾರಣವಾಗಿರುವುದು ಸಾಮಾನ್ಯ.

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಆಳ ಎದೆಯ ನಾಯಿ ವಾಂತಿಗೆ ಹೆಣಗುತ್ತಿದ್ದರೂ ಏನೂ ಬರುತ್ತಿಲ್ಲ, ಹೊಟ್ಟೆ ಡೋಲಿನಂತೆ ಉಬ್ಬುತ್ತಿದೆ ಎಂದರೆ ಇದನ್ನು ಓದುವುದು ಬಿಟ್ಟು ಹೊರಡಿ. ಜಠರ ತಿರುಚಿಕೊಂಡಿರಬಹುದು, ಗಂಟೆಗಳ ಲೆಕ್ಕ.

ಎಷ್ಟು ಜೋರು ಎಂದು ತಿಳಿಯುವುದು

ಖಚಿತವಾದ ಮೇಲಿನ ಪ್ರಶ್ನೆ, ಮನೆಯಿಂದ ಓಡಾಡಿಸುವುದೋ ಆಸ್ಪತ್ರೆಯಲ್ಲಿ ಇಡುವುದೋ. ರಕ್ತದೊತ್ತಡ ಇಳಿಯುವುದು, ಉಸಿರು ವೇಗವಾಗುವುದು, ಮೂತ್ರ ಕಡಿಮೆಯಾಗಿ ಕ್ರಿಯಾಟಿನಿನ್ ಏರುವುದು, ಅಲ್ಬುಮಿನ್ ಮತ್ತು ಕ್ಯಾಲ್ಸಿಯಂ ಇಳಿಯುವುದು, ಚರ್ಮದ ಮೇಲೆ ರಕ್ತದ ಚುಕ್ಕೆ ಏಳುವುದು: ಇವುಗಳಲ್ಲಿ ಎರಡು ಮೂರು ಇದ್ದರೆ 24 ಗಂಟೆ ನೋಡಿಕೊಳ್ಳುವ ಜಾಗ ಬೇಕು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ. ದೂರದಿಂದ ಹೊರಡುವವರು ರಾತ್ರಿ ಸೇವೆ ಇದೆಯೇ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ರಕ್ತ ಪರೀಕ್ಷೆ ಸಿಗುವ ಕಡೆ ಮೊದಲ ದಿನ ಒಮ್ಮೆ, ಎರಡು ದಿನ ಬಿಟ್ಟು ಒಮ್ಮೆ ಮಾಡಿಸಿ. ಅದು ಇಳಿಯುತ್ತಿದ್ದರೆ ದಾರಿ ಸರಿಯಿದೆ. ಆಂಟಿಬಯೋಟಿಕ್ ಎಲ್ಲ ನಾಯಿಗೂ ಬೇಕಿಲ್ಲ, ನಾಯಿಗಳಲ್ಲಿ ಈ ಉರಿಯೂತ ಸಾಮಾನ್ಯವಾಗಿ ಸೋಂಕಿಲ್ಲದ್ದು. ಬೇಕಾದ್ದು ದ್ರವ, ವಾಕರಿಕೆ ನಿಲ್ಲಿಸುವ ಮದ್ದು, ನೋವಿಗೆ ಸರಿಯಾದ ಮದ್ದು, ವಾಂತಿ ತಹಬಂದಿಗೆ ಬಂದ ಕೂಡಲೇ ಕೊಬ್ಬಿಲ್ಲದ ಊಟ. ಗ್ರಂಥಿಗೆ ವಿಶ್ರಾಂತಿ ಎಂದು ನಾಲ್ಕೈದು ದಿನ ಉಪವಾಸ ಕೆಡಹುವ ಹಳೆಯ ಪದ್ಧತಿಯಿಂದ ಕರುಳು ಸೊರಗುತ್ತದೆ.

ಮೆಲ್ಲಗೆ ತಿನ್ನುವ ರೂಪ

ತೀವ್ರ ರೂಪಕ್ಕಿಂತ ಹಿಡಿಯಲು ಕಷ್ಟವಾದದ್ದು ದೀರ್ಘಕಾಲದ್ದು. ವಾರಕ್ಕೊಂದು ದಿನ ಊಟ ಬಿಡುವುದು, ಬೆಳಿಗ್ಗೆ ಹಳದಿ ನೊರೆ ವಾಂತಿ, ಊಟವಾದ ಮೇಲೆ ಮೂಲೆ ಹಿಡಿಯುವುದು. ಮನೆಯವರು ಇದನ್ನು 'ನಮ್ಮದು ಸ್ವಲ್ಪ ನಖರಾ' ಎಂದು ವರ್ಷಗಟ್ಟಲೆ ತಳ್ಳಿರುತ್ತಾರೆ. ಇಲ್ಲಿ ಸಿಪಿಎಲ್ ಸಹಜವಾಗಿರಬಹುದು ಅಥವಾ ಸಂದೇಹದ ವಲಯದಲ್ಲೇ ಸುತ್ತಾಡಬಹುದು. ತೊಂದರೆ ಎದ್ದ ದಿನವೇ ರಕ್ತ ತೆಗೆದರೆ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಬಯಾಪ್ಸಿ ತಾತ್ವಿಕವಾಗಿ ಉತ್ತರ ಕೊಡಬೇಕು, ಆದರೆ ಕೆಟ್ಟ ಭಾಗ ಅಲ್ಲಲ್ಲಿ ಚದುರಿರುವುದರಿಂದ ಚೂರು ತೆಗೆದ ಜಾಗ ಚೆನ್ನಾಗಿರಲೂಬಹುದು.

ವರ್ಷಗಳ ಕಾಲ ಹೀಗೇ ಸವೆದ ಗ್ರಂಥಿ ಕೊನೆಗೆ ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತದೆ, ಇಲ್ಲವೇ ಜೀರ್ಣರಸ ನಿಲ್ಲುತ್ತದೆ. ಜೀರ್ಣರಸ ನಿಂತ ನಾಯಿ ಹಸಿವಿನಿಂದ ಕಂಗೆಟ್ಟು ತಿನ್ನುತ್ತದೆ, ಆದರೂ ಬಡಕಲಾಗುತ್ತದೆ, ಮಲ ರಾಶಿರಾಶಿಯಾಗಿ, ಪೇಲವವಾಗಿ, ಜಿಡ್ಡಾಗಿ ಹೋಗುತ್ತದೆ. ಇದಕ್ಕೆ ಬೇಕಾದ ಪರೀಕ್ಷೆ ರಕ್ತದಲ್ಲಿ ಟ್ರಿಪ್ಸಿನ್ ಬಗೆಯ ವಸ್ತು ಎಷ್ಟಿದೆ ಎಂದು ಅಳೆಯುವ ಟಿಎಲ್‌ಐ, ಉಪವಾಸದ ರಕ್ತದಲ್ಲಿ. ಲೀಟರಿಗೆ 2.5 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಖಚಿತ.

ಚೇತರಿಸಿಕೊಂಡ ಮೇಲೆ

ನಾಯಿ ಸುಧಾರಿಸಿದ ಎರಡು ಮೂರು ವಾರಕ್ಕೆ, 12 ಗಂಟೆ ಉಪವಾಸದ ಬಳಿಕ, ಸಿಪಿಎಲ್ ಮತ್ತು ಟ್ರೈಗ್ಲಿಸರೈಡ್ ಮಾಡಿಸಿ. ಕಾಯಿಲೆಯ ನಡುವೆ ನೋಡಿದ ಟ್ರೈಗ್ಲಿಸರೈಡ್ ಲೆಕ್ಕಕ್ಕಿಲ್ಲ. ಉಪವಾಸದಲ್ಲೂ ಡೆಸಿಲೀಟರಿಗೆ 500 ಮಿಲಿಗ್ರಾಂ ಮೀರಿದ್ದರೆ ಥೈರಾಯ್ಡ್, ಕುಷಿಂಗ್ಸ್, ಸಕ್ಕರೆ ಮೂರನ್ನೂ ಪರೀಕ್ಷಿಸಬೇಕು, ಊಟದ ಕೊಬ್ಬು ಕಡಿತಗೊಳಿಸಬೇಕು.

ಡಾಗ್ ಫುಡ್ ಚೀಲದ ಮೇಲಿನ ಕೊಬ್ಬಿನ ಶೇಕಡವಾರು ನೋಡಿ ಕಡಿಮೆ ಎಂದು ನಂಬಬೇಡಿ, ಕ್ಯಾಲೊರಿಗೆ ಹೋಲಿಸಿ. ಶೇ. 12 ಕೊಬ್ಬು ಎಂದರೆ ಕಿಲೋಗೆ 120 ಗ್ರಾಂ. ಕಿಲೋಗೆ 3500 ಕಿಲೋಕ್ಯಾಲೊರಿ ಎಂದಿದ್ದರೆ 120ನ್ನು 3500ರಿಂದ ಭಾಗಿಸಿ 1000ದಿಂದ ಗುಣಿಸಿ: 1000 ಕಿಲೋಕ್ಯಾಲೊರಿಗೆ ಸುಮಾರು 34 ಗ್ರಾಂ. ಈ ಕಾಯಿಲೆ ಕಂಡ ನಾಯಿಗೆ ಅದು ಹೆಚ್ಚಾಯಿತು, 20ರ ಆಸುಪಾಸು ಅಥವಾ ಅದಕ್ಕೂ ಕೆಳಗೆ ಇರಬೇಕು. ಮನೆ ಊಟವಾದರೆ ಚರ್ಮ ಸುಲಿದ ಎದೆಮಾಂಸ ಬೇಯಿಸಿ, ನೀರನ್ನು ಫ್ರಿಜ್‌ನಲ್ಲಿಟ್ಟು ಮೇಲೆ ಕಟ್ಟಿದ ಕೊಬ್ಬಿನ ಪದರ ತೆಗೆದು, ಮೆತ್ತಗೆ ಬೇಯಿಸಿದ ಅನ್ನಕ್ಕೆ ಬೆರೆಸಿ. ಇದು ಕೆಲವು ವಾರಗಳಿಗೆ ಸರಿ. ತಿಂಗಳುಗಟ್ಟಲೆ ನಡೆಸುವುದಾದರೆ ಕ್ಯಾಲ್ಸಿಯಂ, ಜೀವಸತ್ವಗಳ ಲೆಕ್ಕವನ್ನು ವೈದ್ಯರಿಂದ ಹಾಕಿಸಿಕೊಳ್ಳಬೇಕು.